ಹಿಮನಗರಿ ಸಪ್ಪೊರೊಗೆ ಹೊರಟ ಕುಟುಂಬಗಳಿಗೆ: ರೈಲು, ನೆಲದಡಿಯ ದಾರಿ ಮತ್ತು ನಾಲ್ಕು ಗಂಟೆಯ ಸೂರ್ಯಾಸ್ತ

ಜಪಾನಿನ ಉತ್ತರ ತುದಿಯಲ್ಲಿರುವ ದ್ವೀಪ ಹೊಕ್ಕೈಡೊ. ಅದರ ರಾಜಧಾನಿ ಸಪ್ಪೊರೊದಲ್ಲಿ ಸುಮಾರು 19 ಲಕ್ಷ ಜನ ವಾಸಿಸುತ್ತಾರೆ. ಒಂದು ಚಳಿಗಾಲದಲ್ಲಿ ಅಲ್ಲಿ ಬೀಳುವ ಹಿಮವನ್ನೆಲ್ಲ ಕೂಡಿಸಿದರೆ ಐದು ಮೀಟರಿನ ಹತ್ತಿರ ಬರುತ್ತದೆ. ಇಷ್ಟು ದೊಡ್ಡ ನಗರದ ಮೇಲೆ ಇಷ್ಟೊಂದು ಹಿಮ ಬೀಳುವುದು ಲೋಕದಲ್ಲೇ ಅಪರೂಪ. ಫೆಬ್ರವರಿ ಆರಂಭದಲ್ಲಿ ಓಡೊರಿ ಉದ್ಯಾನದಲ್ಲಿ ನಡೆಯುವ ಹಿಮೋತ್ಸವವನ್ನು ನೋಡಲೆಂದೇ ಹೆಚ್ಚಿನವರು ಅಲ್ಲಿಗೆ ಹೋಗುತ್ತಾರೆ. 1950ರಲ್ಲಿ ಶಾಲಾ ವಿದ್ಯಾರ್ಥಿಗಳು ಮಾಡಿದ ಆರು ಹಿಮದ ಪ್ರತಿಮೆಗಳಿಂದ ಶುರುವಾದ ಉತ್ಸವ ಅದು. ನಮ್ಮ ಕುಟುಂಬಗಳು ಹೊರಡುವ ಮುನ್ನ ಎರಡು ಸಂಗತಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು, ಹಿಮದಲ್ಲೂ ನಿಲ್ಲದ ವಾಹನ ಯಾವುದು ಎಂಬುದು. ಇನ್ನೊಂದು, ಸೂರ್ಯ ಎಷ್ಟು ಬೇಗ ಮುಳುಗುತ್ತಾನೆ ಎಂಬುದು.

ಬೆಂಗಳೂರಿನಿಂದ ಟೋಕಿಯೊದ ನರಿಟಾ ನಿಲ್ದಾಣಕ್ಕೆ ನೇರ ವಿಮಾನವಿದೆ. ಅಲ್ಲಿಂದ ಸಪ್ಪೊರೊದ ನ್ಯೂ ಚಿಟೋಸೆ ನಿಲ್ದಾಣಕ್ಕೆ ಸುಮಾರು ಒಂದೂವರೆ ಗಂಟೆಯ ಹಾರಾಟ. ಟಿಕೆಟ್ ತೆಗೆಯುವಾಗ ಒಂದು ವಿಷಯ ಗಮನಿಸಬೇಕು: ಸಪ್ಪೊರೊಗೆ ಹೆಚ್ಚಿನ ವಿಮಾನಗಳು ಹೊರಡುವುದು ಟೋಕಿಯೊದ ಇನ್ನೊಂದು ನಿಲ್ದಾಣವಾದ ಹನೆಡಾದಿಂದ. ಮಕ್ಕಳು, ಹಿರಿಯರು, ಪೆಟ್ಟಿಗೆಗಳೊಂದಿಗೆ ನರಿಟಾದಿಂದ ಹನೆಡಾಗೆ ಹೋಗಲು ಒಂದು ಗಂಟೆಗೂ ಹೆಚ್ಚು ಬೇಕು. ನರಿಟಾದಿಂದಲೇ ಹೊರಡುವ ವಿಮಾನ ಸಿಕ್ಕರೆ ಅದೇ ವಾಸಿ. ಶಿಂಕಾನ್‌ಸೆನ್ ರೈಲಿನಲ್ಲೇ ಹೋಗಬೇಕೆಂಬ ಆಸೆಯಿದ್ದರೂ ಅದು ಇನ್ನೂ ಸಪ್ಪೊರೊ ಮುಟ್ಟಿಲ್ಲ. 2016ರಿಂದ ಶಿನ್-ಹಕೊದಾತೆ-ಹೊಕುತೊವರೆಗೆ ಮಾತ್ರ ಓಡುತ್ತದೆ. ಸಮುದ್ರದಡಿಯ ಸುಮಾರು 54 ಕಿಲೋಮೀಟರ್ ಉದ್ದದ ಸೈಕಾನ್ ಸುರಂಗವನ್ನು ದಾಟಿ ನಾಲ್ಕು ಗಂಟೆ, ಆಮೇಲೆ ಬೇರೆ ರೈಲಿನಲ್ಲಿ ಮೂರೂವರೆ ಗಂಟೆ. ಅನುಭವಕ್ಕೆ ಚೆನ್ನ, ಪುಟ್ಟ ಮಕ್ಕಳಿದ್ದರೆ ಬೇಡ.

ನ್ಯೂ ಚಿಟೋಸೆಯಿಂದ ನಗರಕ್ಕೆ 'ರ‍್ಯಾಪಿಡ್ ಏರ್‌ಪೋರ್ಟ್' ರೈಲು 40 ನಿಮಿಷದ ಒಳಗೆ ತಲುಪಿಸುತ್ತದೆ. ನಿಲ್ದಾಣದ ನೆಲಮಾಳಿಗೆಯಲ್ಲೇ ಹತ್ತಬಹುದು, ಹೊರಗೆ ಕಾಲಿಡಬೇಕಿಲ್ಲ. ಸ್ವಲ್ಪ ಹೆಚ್ಚು ಹಣ ಕೊಟ್ಟರೆ ಕಾದಿರಿಸಿದ ಆಸನವೂ ಉಂಟು. ಹಿರಿಯರಿದ್ದರೆ ಆ ಹಣ ದಂಡವಲ್ಲ. ಕೆಲವು ಹೋಟೆಲುಗಳ ಬಾಗಿಲಿಗೇ ಬಿಡುವ ಬಸ್ಸುಗಳೂ ಇವೆ. ಆದರೆ ಅವಕ್ಕೆ ಒಂದು ಗಂಟೆಗೂ ಹೆಚ್ಚು ಬೇಕು, ಹಿಮ ಜೋರಾದರೆ ಇನ್ನೂ ತಡ.

ನಗರದೊಳಗೆ ಮೆಟ್ರೊವನ್ನೇ ನಂಬಬೇಕು. 1972ರ ಚಳಿಗಾಲದ ಒಲಿಂಪಿಕ್ಸ್‌ಗೆ ಸ್ವಲ್ಪ ಮುಂಚೆ, 1971ರ ಡಿಸೆಂಬರ್‌ನಲ್ಲಿ ಇದರ ಮೊದಲ ಮಾರ್ಗ ತೆರೆಯಿತು. ಈಗ ನಂಬೊಕು, ತೊಜಾಯ್, ತೊಹೊ ಎಂಬ ಮೂರು ಮಾರ್ಗಗಳಿದ್ದು, ಮೂರೂ ಓಡೊರಿ ನಿಲ್ದಾಣದಲ್ಲಿ ಕೂಡುತ್ತವೆ. ಇಲ್ಲಿನ ರೈಲುಗಳಿಗೆ ಉಕ್ಕಿನ ಗಾಲಿಗಳ ಬದಲು ರಬ್ಬರ್ ಟೈರುಗಳು. ನಂಬೊಕು ಮಾರ್ಗ ನೆಲದ ಮೇಲೆ ಬರುವ ಕಡೆಯೂ ಹಳಿಯ ಮೇಲೆ ಅಲ್ಯೂಮಿನಿಯಂ ಚಾವಣಿ ಹೊದಿಸಿದ್ದಾರೆ. ಹಾಗಾಗಿ ಹಿಮ ಇದನ್ನು ಮುಟ್ಟುವುದೇ ಇಲ್ಲ. 2022ರ ಫೆಬ್ರವರಿ 6ರಂದು 24 ಗಂಟೆಯಲ್ಲಿ 60 ಸೆಂಟಿಮೀಟರ್ ಹಿಮ ಬಿದ್ದು ಸಪ್ಪೊರೊ ನಿಲ್ದಾಣದ ಜೆಆರ್ ರೈಲುಗಳೆಲ್ಲ ನಿಂತುಹೋದಾಗಲೂ ಮೆಟ್ರೊ ಓಡುತ್ತಿತ್ತು. ಹೋಟೆಲ್ ಹುಡುಕುವಾಗ ಬೆಲೆಗಿಂತ ಮೊದಲು ಮೆಟ್ರೊ ನಿಲ್ದಾಣ ಎಷ್ಟು ಹತ್ತಿರವಿದೆ ಎಂದು ನೋಡಬೇಕಾದದ್ದು ಇದಕ್ಕೇ.

ಸಪ್ಪೊರೊ ನಿಲ್ದಾಣದಿಂದ ಓಡೊರಿಗೆ 2011ರಲ್ಲಿ ತೆರೆದ ನೆಲದಡಿಯ ಕಾಲುದಾರಿಯಿದೆ. ಅಲ್ಲಿಂದ ಮುಂದೆ ಸುಸುಕಿನೊವರೆಗೂ ನೆಲದಡಿಯಲ್ಲೇ ನಡೆಯಬಹುದು. ಹೊರಗೆ ಹಿಮ ಸುರಿಯುತ್ತಿರುವಾಗ ಊರಿನವರೂ ಇಲ್ಲೇ ಓಡಾಡುತ್ತಾರೆ. ಮೋಯಿವಾ ಬೆಟ್ಟದ ರೋಪ್‌ವೇಗೆ ಹೋಗಲು ಟ್ರಾಮ್ ಅನುಕೂಲ. ಬೆಳಗಿನ ಜಾವ ಹಳಿಯ ಮೇಲಿನ ಹಿಮವನ್ನು ಬಿದಿರಿನ ಪೊರಕೆಗಳಿಂದ ಗುಡಿಸಿಕೊಂಡು ಹೋಗುವ 'ಸಸಾರಾ' ಟ್ರಾಮನ್ನು ನೋಡಲು ಮಕ್ಕಳನ್ನು ಬೇಗ ಎಬ್ಬಿಸಿದರೂ ತಪ್ಪಿಲ್ಲ. 'ಕಿಟಾಕಾ' ಅಥವಾ ಟೋಕಿಯೊದ 'ಸುಯಿಕಾ' ಕಾರ್ಡ್ ಒಂದಿದ್ದರೆ ಜೆಆರ್, ಮೆಟ್ರೊ, ಟ್ರಾಮ್ ಎಲ್ಲದಕ್ಕೂ ಸಾಕು. ಜೆಆರ್ ಪಾಸ್ ಮಾತ್ರ ಮೆಟ್ರೊದಲ್ಲಿ ನಡೆಯದು. ಶನಿವಾರ, ಭಾನುವಾರ ಮೆಟ್ರೊದಲ್ಲಿ ದಿನವಿಡೀ ಓಡಾಡಲು 'ದೊನಿಚಿಕಾ' ಎಂಬ ಅಗ್ಗದ ಟಿಕೆಟ್ ಸಿಗುತ್ತದೆ. ಜಪಾನಿನಲ್ಲೂ ನಮ್ಮಂತೆಯೇ ಎಡಗಡೆ ಓಡಿಸುತ್ತಾರೆ ಎಂದು ಕಾರು ಬಾಡಿಗೆಗೆ ತೆಗೆಯುವ ಧೈರ್ಯವನ್ನು ಚಳಿಗಾಲದಲ್ಲಿ ಮಾಡದಿರುವುದು ಒಳ್ಳೆಯದು. ಟೈರುಗಳು ಉಜ್ಜಿ ಉಜ್ಜಿ ಚೌಕಗಳಲ್ಲಿ ಹಿಮ ಗಾಜಿನಂತಾಗಿರುತ್ತದೆ.

ನಡೆಯುವವರಿಗೂ ಅದೇ ಅಪಾಯ. ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು, ಇಡೀ ಪಾದ ಊರಿ, ಕೈಗಳನ್ನು ಜೇಬಿನಿಂದ ಹೊರಗಿಟ್ಟು ನಡೆಯಬೇಕು. ರಸ್ತೆ ದಾಟುವ ಕಡೆ ಇಟ್ಟಿರುವ ಪೆಟ್ಟಿಗೆಗಳಲ್ಲಿ ಮರಳಿನ ಪೊಟ್ಟಣಗಳಿರುತ್ತವೆ. ಯಾರು ಬೇಕಾದರೂ ತೆಗೆದು ಕಾಲಿನ ಮುಂದೆ ಚೆಲ್ಲಿಕೊಳ್ಳಬಹುದು. ಶೂಗೆ ಕಟ್ಟಿಕೊಳ್ಳುವ ಮುಳ್ಳಿನ ಪಟ್ಟಿಗಳು ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತವೆ. ಚರ್ಮ ಬಳಸದವರು ರಬ್ಬರಿನ ಹಿಮದ ಬೂಟು ಕೊಳ್ಳಬಹುದು, ನೀರು ಒಳಗಿಳಿಯದಿರಲು ಅದೇ ಮೇಲು. ಬೆಚ್ಚನೆಯ ಜಾಕೆಟ್‌ಗಳಲ್ಲಿ 'ಡೌನ್' ಎಂದಿದ್ದರೆ ಒಳಗೆ ಬಾತುಕೋಳಿ ಅಥವಾ ಹೆಬ್ಬಾತಿನ ತುಪ್ಪಳ ಇರುತ್ತದೆ. ಪಾಲಿಯೆಸ್ಟರ್ ತುಂಬಿದ್ದನ್ನು ಕೇಳಿ ಕೊಳ್ಳಬೇಕು.

ಇನ್ನು ಊಟದ ವೇಳೆ. ಡಿಸೆಂಬರ್‌ನಲ್ಲಿ ಸಪ್ಪೊರೊದಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯಾಸ್ತ. ಹಿಮೋತ್ಸವದ ಹೊತ್ತಿಗೆ ಐದಕ್ಕೆ ಸ್ವಲ್ಪ ಮುಂಚೆ. ಅಲ್ಲಿನ ಎಷ್ಟೋ ಊಟದ ಮನೆಗಳು ಮಧ್ಯಾಹ್ನ ಎರಡು-ಮೂರಕ್ಕೆ ಮುಚ್ಚಿ ಮತ್ತೆ ತೆರೆಯುವುದು ಐದರ ನಂತರ. ರಾತ್ರಿಭೋಜನ ತ್ಯಾಗ ಮಾಡಿದವರ ಸಂಜೆಯ ಊಟ ಸರಿಯಾಗಿ ಈ ಬಾಗಿಲು ಮುಚ್ಚಿದ ವೇಳೆಗೇ ಬರುತ್ತದೆ. ದೂರದ ಜಾಗಗಳನ್ನು ಬೆಳಿಗ್ಗೆಯೇ ಮುಗಿಸಿ ಮೂರು ಗಂಟೆಗೆ ಕೋಣೆಗೆ ಮರಳಿ, ಊಟ ಮಾಡಿ, ದೀಪಾಲಂಕಾರ ನೋಡಲು ಮತ್ತೆ ಹೊರಡುವುದು ಸುಲಭದ ಉಪಾಯ. ರೈಲಿನಲ್ಲಿ ಮುಕ್ಕಾಲು ಗಂಟೆಯೂ ಆಗದ ಒಟಾರು ಪಟ್ಟಣಕ್ಕೂ ಇದೇ ಲೆಕ್ಕ. ಹೋಗುವಾಗ ಬಲಗಡೆ ಕುಳಿತರೆ ಕಿಟಕಿಯ ಪಕ್ಕದಲ್ಲೇ ಸಮುದ್ರ ಕಾಣುತ್ತದೆ.

ಜಪಾನಿನ ಆಲೂಗಡ್ಡೆ, ಈರುಳ್ಳಿಗಳ ಬಹುಪಾಲು ಬೆಳೆಯುವುದು ಹೊಕ್ಕೈಡೊದಲ್ಲೇ. ಸಾರಿನಲ್ಲಿ ಮೀನಿನ ರಸ ಸೇರುವುದೂ ಸಾಮಾನ್ಯ. ಆದ್ದರಿಂದ 'ಸಸ್ಯಾಹಾರ' ಎಂದಷ್ಟೇ ಹೇಳಿದರೆ ಸಾಲದು. ಮಾಂಸ, ಮೀನು, ಮೀನಿನ ರಸ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಕಂದಮೂಲ ಬೇಡವೆಂದು ಜಪಾನಿ ಭಾಷೆಯಲ್ಲಿ ಬರೆದ ಚೀಟಿ ಜೊತೆಗಿರಲಿ. ಅಡುಗೆಮನೆಯಿರುವ ಕೋಣೆ ಹಿಡಿದರೆ ಅರ್ಧ ಚಿಂತೆ ಕಳೆಯಿತು. ಊರಿನಿಂದ ಕರಿಬೇವು, ಹಸಿಮೆಣಸು, ಹಣ್ಣು, ಅಕ್ಕಿ ಒಯ್ಯಬೇಡಿ. ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಅವನ್ನು ಒಳಗೆ ಬಿಡುವುದಿಲ್ಲ. ಅಕ್ಕಿ, ಹಾಲು, ಹಣ್ಣು ಅಲ್ಲೇ ಧಾರಾಳ. ಅಲ್ಲಿನ ವಿದ್ಯುತ್ 100 ವೋಲ್ಟ್ ಆದ್ದರಿಂದ ನಮ್ಮ ಮನೆಯ ಕೆಟಲ್, ರೈಸ್ ಕುಕ್ಕರ್ ಸರಿಯಾಗಿ ಕಾಯವು. ನಲ್ಲಿ ನೀರು ಕುಡಿಯಲು ಯೋಗ್ಯ. ಸೋಸಿ ಕುಡಿಯುವವರು ಬಟ್ಟೆ ಒಯ್ದರೆ ಸಾಕು.

ಭಾರಿ ಹಿಮ ಬಿದ್ದ ದಿನ ವಿಮಾನವೂ ಇಲ್ಲ, ನಿಲ್ದಾಣದ ರೈಲೂ ಇಲ್ಲ ಎಂಬ ಸ್ಥಿತಿ ಬರಬಹುದು. ಸಪ್ಪೊರೊದಿಂದ ಹೊರಡುವ ದಿನವೇ ಬೆಂಗಳೂರಿನ ವಿಮಾನವನ್ನೂ ಹಿಡಿಯುವಂತೆ ಟಿಕೆಟ್ ತೆಗೆಯದೆ, ನಡುವೆ ಒಂದು ದಿನ ಟೋಕಿಯೊದಲ್ಲಿ ಉಳಿಯುವಂತೆ ಮಾಡಿಕೊಳ್ಳಬೇಕು. ಹೊರಡುವ ದಿನ ಖಾಕ್ರಾ, ಚಟ್ನಿಪುಡಿ, ಒಣದ್ರಾಕ್ಷಿ, ಹಿರಿಯರ ಔಷಧಿ ಪೆಟ್ಟಿಗೆಯಲ್ಲಿ ಬೇಡ, ಕೈಚೀಲದಲ್ಲಿರಲಿ. ಪೆಟ್ಟಿಗೆ ಒಮ್ಮೆ ವಿಮಾನದ ಕೌಂಟರಿನ ಆಚೆ ಹೋದರೆ, ವಿಮಾನ ಹೊರಡದೆ ನಿಂತ ಆ ಹೊತ್ತಿನಲ್ಲಿ ಅದು ಕೈಗೆ ಸಿಗುವುದಿಲ್ಲ.