ಹೊಸ ತೊಟ್ಟಿಗೆ ಬಂದ ಹವಳವು ಬಾಡುವುದೇಕೆ?

ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿ, ಕಡಲಿಗೆ ಬಹುದೂರದಲ್ಲಿರುವ ಅತ್ತಿಬೆಲೆಯಲ್ಲಿ ಕುಳಿತು ಹವಳದ ವಿಷಯವಾಗಿ ಬರೆಯುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಇಲ್ಲಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಹೊಸೂರು ರಸ್ತೆಯ ಎರಡು ಪಕ್ಕಗಳಲ್ಲಿಯೂ ಎದ್ದಿರುವ ಬಹುಮಹಡಿ ಮನೆಗಳಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಗಳನ್ನಿಟ್ಟುಕೊಂಡವರುಂಟು. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ಮಕ್ಕಳ ತಂದೆತಾಯಿಗಳಲ್ಲಿಯೂ ಅಂಥವರಿದ್ದಾರೆ. ಚಿಕ್ಕ ತೊಟ್ಟಿಯಲ್ಲಿ ನಳನಳಿಸುತ್ತಿದ್ದ ಹವಳವು, ಹೆಚ್ಚು ಹಣ ತೆತ್ತು ಕೊಂಡ ದೊಡ್ಡ ತೊಟ್ಟಿಗೆ ಬಂದೊಡನೆ ಮುದುಡಿ ಬಿಳುಪಾಯಿತು, ಕಾರಣವೇನು ಎಂದು ಅವರು ಕೇಳುವುದುಂಟು. ಅದಕ್ಕೆ ಉತ್ತರವಾಗಿ ಈ ಲೇಖನ.

ಹವಳವು ಗಿಡವಲ್ಲ, ಬರಿಯ ಕಲ್ಲೂ ಅಲ್ಲ. ಅದು ಸಣ್ಣ ಸಣ್ಣ ಪ್ರಾಣಿಗಳ ಒಂದು ಸಮೂಹ. ಒಂದೊಂದಕ್ಕೂ ಒಂದು ಬಾಯಿ, ಬಾಯಿಯ ಸುತ್ತ ಎಳೆಯಂತಹ ಕೈಗಳು. ಯೋಬನ ಗ್ರಂಥದ 28ನೆಯ ಅಧ್ಯಾಯದಲ್ಲಿ ಜ್ಞಾನದ ಬೆಲೆಯನ್ನು ಹೇಳುವಾಗ ಹವಳದ ಹೆಸರು ಬರುವುದನ್ನು ನಮ್ಮ ಹುಡುಗಿಯರು ಬಲ್ಲರು. ತಾಯಂದಿರ ಕೊರಳಿನ ಕೆಂಪು ಹವಳವು ಇಂತಹ ಪ್ರಾಣಿಯ ಅಸ್ಥಿಯೇ ಆಗಿದೆ. ತೊಟ್ಟಿಯಲ್ಲಿಡುವ ಹವಳಗಳಲ್ಲಿ ಬಹುಪಾಲಿನವುಗಳ ಮಾಂಸದೊಳಗೆ ಕಣ್ಣಿಗೆ ಕಾಣದ ಪಾಚಿಯು ವಾಸವಾಗಿರುತ್ತದೆ. ಅದು ಬೆಳಕಿನಿಂದ ಆಹಾರವನ್ನು ತಯಾರಿಸಿ ಬಹುಭಾಗವನ್ನು ತನ್ನ ಆತಿಥೇಯನಿಗೆ ಕೊಡುವುದು. ಈ ಒಕ್ಕಲು ಮನೆಬಿಟ್ಟು ಹೋದರೆ ಹವಳವು ಹಸಿವಿನಿಂದ ಕ್ಷೀಣಿಸುವುದು.

ಮುಂದೆ ಹೋಗುವ ಮೊದಲು ಕಾನೂನಿನ ಮಾತೊಂದನ್ನು ಹೇಳಿಬಿಡುವುದು ಒಳ್ಳೆಯದು. 1972ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಹೆಸರಿರುವ ಪಟ್ಟಿಯಲ್ಲಿಯೇ, ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲವನ್ನೂ 2001ರಲ್ಲಿ ಸೇರಿಸಲಾಯಿತು. ಕರಿಹವಳ, ಬೆಂಕಿಹವಳ, ಸಮುದ್ರದ ಬೀಸಣಿಗೆಗಳೂ ಅದರಲ್ಲಿವೆ. ಅಂಗಡಿಯವನು ಏನೇ ಹೇಳಲಿ, ಪ್ರಾಣಿಯ ಹೆಸರನ್ನೂ ಮೂಲವನ್ನೂ ಪತ್ರಗಳನ್ನೂ ವಿಚಾರಿಸದೆ ಕೊಳ್ಳತಕ್ಕದ್ದಲ್ಲ. ಸಂದೇಹವಿದ್ದರೆ ಅರಣ್ಯ ಇಲಾಖೆಯನ್ನು ಕೇಳತಕ್ಕದ್ದು. ಕಲ್ಲುಹವಳವನ್ನು ಮಕ್ಕಳಿಗೆ ತೋರಿಸಬೇಕೆಂದರೆ ನಮ್ಮ ರಾಜ್ಯದಲ್ಲಿಯೇ ಮುರುಡೇಶ್ವರದಾಚೆ ಕಡಲಿನಲ್ಲಿ ನೇತ್ರಾಣಿ ದ್ವೀಪವಿದೆ. ಮನೆಗಳಲ್ಲಿ ಸಾಕುವವರು ಮೃದುಹವಳ ಮುಂತಾದ ಇತರ ಜಾತಿಗಳಿಂದಲೇ ತೃಪ್ತರಾಗಬೇಕು. ಕೆಳಗೆ ಹೇಳುವುದು ಹೆಚ್ಚಾಗಿ ಅವುಗಳಿಗೇ ಅನ್ವಯಿಸುವುದು.

ಬಾಡಿದ ಹವಳವನ್ನು ಕಂಡೊಡನೆ ಔಷಧಿಯ ಸೀಸೆಯನ್ನು ಹುಡುಕಬಾರದು. ಮೊದಲು ಕಣ್ಣಿಟ್ಟು ನೋಡಬೇಕು. ಬಣ್ಣ ಹೋಗಿದ್ದರೂ ಮಾಂಸವು ಇನ್ನೂ ಉಳಿದಿದೆಯೇ, ಸಂಜೆ ಕೈಗಳನ್ನು ಚಾಚುತ್ತದೆಯೇ? ಹಾಗಿದ್ದರೆ ಒಳಗಿನ ಪಾಚಿ ಮಾತ್ರ ಹೋಗಿದೆ, ಪ್ರಾಣಿಯು ಬದುಕಿದೆ. 1998, 2010 ಮತ್ತು 2016ರಲ್ಲಿ ಕಡಲು ಬಿಸಿಯೇರಿ ಲಕ್ಷದ್ವೀಪದ ಹವಳಗಳು ಬಿಳುಪಾದದ್ದು ಈ ಬಗೆಯಿಂದಲೇ. ಬಿಸಿ ಬೇಗ ಇಳಿದರೆ ಅಂಥವು ಚೇತರಿಸಿಕೊಳ್ಳಬಲ್ಲವು. ಮಾಂಸವೇ ಕರಗಿ, ದುರ್ವಾಸನೆಯೊಡನೆ ಲೋಳೆಯಾಗಿ ಕಳಚುತ್ತಿದ್ದರೆ ಅದು ಬೇರೆ ರೋಗ. ಆ ಭಾಗವನ್ನು ತೊಟ್ಟಿಯಿಂದ ಹೊರಗೆ ತೆಗೆಯುವುದೇ ಸರಿ. ಬಣ್ಣ ಬಿಳುಪಾಗದೆ ಕಂದಾದರೆ ಬೆಳಕು ಸಾಲದೆ ಅಥವಾ ನೀರಿನಲ್ಲಿ ಕಸುವು ಹೆಚ್ಚಾಗಿ ಪಾಚಿಯು ಅತಿಯಾಗಿ ಬೆಳೆದಿದೆಯೆಂದು ತಿಳಿಯಬಹುದು. ಇನ್ನೊಂದು ಸಂಗತಿಯುಂಟು: ಚರ್ಮದಂತಹ ಮೈಯುಳ್ಳ ಮೃದುಹವಳವು ಸ್ಥಳ ಬದಲಾದಾಗ ಕೆಲವು ದಿನ ಮುಚ್ಚಿಕೊಂಡಿದ್ದು, ಮೇಣದಂತಹ ತೆಳುಪೊರೆಯೊಂದನ್ನು ಕಳಚಿ ಮತ್ತೆ ಅರಳುವುದು. ಅದು ರೋಗವೇ ಅಲ್ಲ. ಬೇರೆ ಶಾಲೆಯಿಂದ ಬಂದ ಹುಡುಗಿಯು ಮೊದಲ ವಾರ ಮಾತನಾಡದಿದ್ದರೆ ಅವಳನ್ನು ಮೂಗಿಯೆಂದು ನಾವು ಬರೆದುಕೊಳ್ಳುವುದಿಲ್ಲವಷ್ಟೆ.

ನೋಡಿದ ಮೇಲೆ ನೀರನ್ನು ಪರೀಕ್ಷಿಸಬೇಕು. ಹೊಸ ತೊಟ್ಟಿಯ ದೊಡ್ಡ ದೋಷವೆಂದರೆ ಅದು ಹೊಸದಾಗಿರುವುದೇ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯವೆಂಬ ವಿಷವು ಹುಟ್ಟುವುದು. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟನ್ನಾಗಿಯೂ, ಮತ್ತೊಂದು ಬಗೆಯವು ಅದನ್ನು ಬಹುಮಟ್ಟಿಗೆ ನಿರಪಾಯಕರವಾದ ನೈಟ್ರೇಟನ್ನಾಗಿಯೂ ಮಾರ್ಪಡಿಸುವುವು. ಇವು ನೆಲೆಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹಳೆಯ ತೊಟ್ಟಿಯ ನೀರನ್ನೇ ತಂದು ಸುರಿದೆವು, ಇನ್ನೇಕೆ ಭಯ ಎಂದು ಕೆಲವರು ಹೇಳುವರು. ಈ ಜೀವಿಗಳು ನೀರಿನಲ್ಲಿರುವುದು ಅತ್ಯಲ್ಪ. ಅವುಗಳ ಮನೆ ಕಲ್ಲು ಮರಳುಗಳ ಮೈಮೇಲೆ. ಹಳೆಯ ಕಲ್ಲನ್ನು ಒಣಗಲು ಬಿಟ್ಟರೆ ಅವು ಸಾಯುವುವು. ಹಳೆಯ ಮರಳನ್ನು ತೊಳೆಯದೆ ಕದಡಿ ಸುರಿದರೆ ಅದರಡಿಯ ಕೊಳೆಯೆಲ್ಲ ಮೇಲೆದ್ದು ಅಮೋನಿಯವು ಹೆಚ್ಚುವುದು.

ನಮ್ಮ ಸೀಮೆಯ ಕೊಳವೆಬಾವಿಯ ನೀರಿನ ವಿಷಯವನ್ನು ಗೃಹಿಣಿಯರಿಗೆ ಹೇಳಬೇಕಾದುದಿಲ್ಲ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಹಕ್ಕಳೆಯೇ ಅದರ ಗಡಸುತನಕ್ಕೆ ಸಾಕ್ಷಿ. ಇದರಲ್ಲಿ ಉಪ್ಪನ್ನು ಕರಗಿಸಿ ಕಡಲನೀರು ಮಾಡಿದರೆ ಲವಣಗಳ ಪ್ರಮಾಣವೆಲ್ಲ ಕೆಡುವುದು. ಆರ್.ಓ. ಯಂತ್ರದಲ್ಲಿ ಚೆನ್ನಾಗಿ ಶೋಧಿಸಿದ ನೀರೇ ಆಗಬೇಕು. ಕಡಲನೀರಿನ ಒಂದು ಕಿಲೋಗ್ರಾಮಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವುದು. ಮಾಘ ಫಾಲ್ಗುಣಗಳ ಒಣಹವೆಯಲ್ಲಿ ತೊಟ್ಟಿಯ ನೀರು ಬೇಗ ಆವಿಯಾಗುತ್ತದೆ. ನೀರು ಹೋಗುವುದೇ ಹೊರತು ಉಪ್ಪು ಹೋಗುವುದಿಲ್ಲ. ಆದುದರಿಂದ ಕಡಿಮೆಯಾದಷ್ಟಕ್ಕೆ ಶೋಧಿಸಿದ ಸಿಹಿನೀರನ್ನೇ ದಿನದಿನವೂ ತುಂಬಬೇಕು. ಉಪ್ಪುನೀರನ್ನು ತುಂಬುತ್ತ ಬಂದವರ ತೊಟ್ಟಿಯು ಕ್ರಮೇಣ ಉಪ್ಪಿನಕಾಯಿಯ ಭರಣಿಯಾಗುವುದು. ನೀರಿನ ಶಾಖವು 24ರಿಂದ 27 ಡಿಗ್ರಿಯೊಳಗಿರಬೇಕು. ಪುಷ್ಯಮಾಸದ ಚಳಿಗೆ ಇಲ್ಲಿ ಬಿಸಿಮಾಡುವ ಸಲಾಕೆಯಿಲ್ಲದೆ ಸಾಗದು. ಹವಳವು ಬಾಡಲು ಆರಂಭವಾದ ವಾರದಲ್ಲಿ ಉಪ್ಪು, ಶಾಖ, ಕ್ಷಾರತೆ ಇವುಗಳಲ್ಲಿ ಯಾವುದು ಏರಿಳಿಯಿತೆಂದು ನೋಡಬೇಕಾದರೆ ಲೆಕ್ಕದ ಪುಸ್ತಕವೊಂದಿರಬೇಕು. ಒಂದೇ ದಿನದ ಅಂಕಿಯಿಂದ ಹೆಚ್ಚೇನೂ ತಿಳಿಯದು.

ನೀರು ಸರಿಯಾಗಿದ್ದರೆ ದೀಪದ ಕಡೆಗೆ ತಿರುಗಬೇಕು. ಹೊಸ ತೊಟ್ಟಿಯೊಡನೆ ಹೊಸ ಎಲ್.ಇ.ಡಿ. ದೀಪವೂ ಬರುವುದು ವಾಡಿಕೆ. ಅದರ ಪ್ರಖರತೆ ಹಳೆಯದಕ್ಕಿಂತ ಬಹಳ ಹೆಚ್ಚಾಗಿರಬಹುದು. ದೀಪಕ್ಕೆ ಎದುರಾದ ಮೇಲ್ಭಾಗ ಮಾತ್ರ ಬಿಳುಪಾಗಿ, ನೆರಳಿನ ಭಾಗ ಬಣ್ಣದಲ್ಲಿಯೇ ಇದ್ದರೆ ಇದೇ ಕಾರಣವೆಂದು ಊಹಿಸಬಹುದು. ಬೆಳಕನ್ನು ಇಳಿಸಿ ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸತಕ್ಕದ್ದು. ಅತಿಶುದ್ಧವಾದ ನೀರೂ, ಅಂದರೆ ನೈಟ್ರೇಟ್ ಫಾಸ್ಫೇಟುಗಳು ಸೊನ್ನೆಯಾಗಿರುವ ನೀರೂ, ಬಲವಾದ ಬೆಳಕಿನೊಡನೆ ಕೂಡಿದರೆ ಹವಳವನ್ನು ಸೊರಗಿಸುವುದು. ಮಿಕ್ಕವುಗಳನ್ನು ಬೇಗ ಹೇಳಿಬಿಡುವೆನು: ತೊಟ್ಟಿಯಲ್ಲಿ ಹಿಂದೆ ಮೀನಿಗೆ ತಾಮ್ರದ ಔಷಧಿ ಹಾಕಿದ್ದರೆ ಅದರ ಶೇಷವು ಹವಳಕ್ಕೆ ವಿಷ, ನೀರಿನ ಸೆಳೆತ ನೇರವಾಗಿ ಮೈಗೆ ಬಡಿಯಬಾರದು, ಎರಡು ಜಾತಿಗಳು ಮೈಗೆ ಮೈ ತಾಗಿದರೆ ರಾತ್ರಿಯಲ್ಲಿ ಒಂದನ್ನೊಂದು ಕುಟುಕುವುವು.

ಕಾರಣವು ಹೊಳೆದ ಮೇಲೆ ಒಂದನ್ನು ಮಾತ್ರ ಬದಲಾಯಿಸಿ ಒಂದು ವಾರವಾದರೂ ಕಾಯಬೇಕು. ಅಮೋನಿಯವು ಕಂಡುಬಂದರೆ ಮಾತ್ರ ಕಾಯದೆ ಒಡನೆಯೇ ನೀರನ್ನು ಭಾಗಶಃ ಬದಲಿಸಬೇಕು. ದೀಪ, ಉಪ್ಪು, ಸ್ಥಳ ಮೂರನ್ನೂ ಒಂದೇ ದಿನ ಬದಲಾಯಿಸಿದವರಿಗೆ ಹವಳವು ಬದುಕಿದರೂ ಏಕೆ ಬದುಕಿತೆಂದು ತಿಳಿಯುವುದಿಲ್ಲ.

ಚಿಕ್ಕ ಮಕ್ಕಳಿರುವ ಮನೆಯವರು ಮುಂದಿನದನ್ನು ವಿಶೇಷವಾಗಿ ಗಮನಿಸಬೇಕು. ಹೂಗೊಂಚಲಿನಂತೆ ಕಲ್ಲಿನ ಮೇಲೆ ಹರಡುವ, ಅಂಗಡಿಗಳಲ್ಲಿ ಜೋಅಂಥಿಡ್ ಎಂದು ಮಾರುವ ಹವಳದ ಬಂಧುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಮಹಾವಿಷವಿದೆ. ಸತ್ತವೆಂದು ಅಂತಹ ಕಲ್ಲನ್ನು ಅಡಿಗೆಮನೆಯಲ್ಲಿ ಕುದಿಸಿ, ಆ ಆವಿಯಿಂದ ಕುಟುಂಬದವರೆಲ್ಲರೂ ಆಸ್ಪತ್ರೆ ಸೇರಿದ ಪ್ರಸಂಗಗಳು ಪರದೇಶಗಳಲ್ಲಿ ನಡೆದಿವೆ. ಕಲ್ಲನ್ನು ಕುದಿಸಕೂಡದು, ಬಿಸಿನೀರಿನಲ್ಲಿ ಉಜ್ಜಕೂಡದು, ಬರಿಗೈಯಿಂದ ಮುಟ್ಟಕೂಡದು; ಕೈಗೆ ಗವಸೂ ಕಣ್ಣಿಗೆ ಕನ್ನಡಕವೂ ಇರಬೇಕು. ತೊಟ್ಟಿಯನ್ನು ತೊಳೆದ ದಿನ ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ಉಸಿರಾಟದ ಕಷ್ಟ ಕಾಣಿಸಿಕೊಂಡರೆ ಎಲ್ಲರೂ ಹೊರಗೆ ಬಂದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಕೇಳುವವರೆಗೆ ಕಾಯದೆ ತೊಟ್ಟಿಯ ಸಂಗತಿಯನ್ನು ಮೊದಲೇ ತಿಳಿಸಬೇಕು.