ಅಂಗಳದಲ್ಲಿ ಮೂರು ಕಡ್ಡಿ, ಅಡುಗೆಮನೆಯಲ್ಲಿ ಸೊನ್ನೆ: ಉಪ್ಪಿನಂಗಡಿಯ ನೆಟ್‌ವರ್ಕ್ ಲೆಕ್ಕ ತಪ್ಪುತ್ತಿರುವುದು ಎಲ್ಲಿ?

ಉಪ್ಪಿನಂಗಡಿಯಲ್ಲಿ ನೆಟ್‌ವರ್ಕ್ ಸಮಸ್ಯೆ ಅಂದರೆ ಹೆದ್ದಾರಿಯಲ್ಲಿ ಹೋಗುವವರು ನಂಬುವುದಿಲ್ಲ. ಮಂಗಳೂರು–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75 ಈ ಊರಿಗೆ ತಾಗಿಕೊಂಡೇ ಹೋಗುತ್ತದೆ. ಪೇಟೆಯಲ್ಲಿ ನಿಂತರೆ ಫೋನಿನಲ್ಲಿ ಕಡ್ಡಿಗಳು ತುಂಬಿರುತ್ತವೆ. ಆದರೆ ಹೆದ್ದಾರಿ ಬಿಟ್ಟು ಪುತ್ತೂರು, ಕಡಬ, ಸುಳ್ಯ ಕಡೆಯ ಒಳರಸ್ತೆಗೆ ಇಳಿದು, ಅಡಿಕೆ ತೋಟದ ನಡುವಿನ ಒಂದು ಮನೆಗೆ ಹೋಗಿ ನೋಡಿ. ಫೋನು ಕಿಟಕಿಯ ಸರಳಿಗೆ ಒರಗಿ ಕೂತಿರುತ್ತದೆ. ಕರೆ ಬಂದರೆ ಮನೆಯವರು ಅಂಗಳಕ್ಕೆ ಓಡುತ್ತಾರೆ. ಒಟಿಪಿ ಬರಬೇಕಾದರೆ ಯಾರೋ ಒಬ್ಬರು ಗುಡ್ಡೆ ಹತ್ತಬೇಕು.

ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನು ನಾನು. ಹಾಗಾಗಿ ಈ ಕಡೆ ಹೋದಾಗಲೆಲ್ಲ ಜನ ಒಂದೇ ಪ್ರಶ್ನೆ ಕೇಳುತ್ತಾರೆ: "ಟವರ್ ಅಲ್ಲೇ ಕಾಣ್ತಾ ಉಂಟು ಮಾರಾಯ್ರೆ, ಮನೆಯೊಳಗೆ ಮಾತ್ರ ಯಾಕೆ ಸಿಗುವುದಿಲ್ಲ?" ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರದ ಅರ್ಧ ಭಾಗ ಭೌತಶಾಸ್ತ್ರದಲ್ಲಿದೆ, ಇನ್ನರ್ಧ ಸರ್ಕಾರ ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದರಲ್ಲಿದೆ.

ಕಡ್ಡಿ ಹೇಳುವುದೇನು, ಮುಚ್ಚಿಡುವುದೇನು?

ಫೋನಿನ ಕಡ್ಡಿಗಳು ತೋರಿಸುವುದು ಟವರಿನ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು ಮಾತ್ರ. ನಿಮ್ಮ ದನಿ ಟವರಿಗೆ ಕೇಳುತ್ತಿದೆಯಾ ಎಂಬುದನ್ನು ಅವು ಹೇಳುವುದಿಲ್ಲ. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. ನಿಮ್ಮ ಫೋನು ಸಾಮಾನ್ಯವಾಗಿ ಒಂದು ವ್ಯಾಟಿನ ಐದನೇ ಒಂದು ಭಾಗದಷ್ಟರಲ್ಲೇ ಉತ್ತರ ಕೊಡಬೇಕು. ಎರಡು ಕಡ್ಡಿ ಇದ್ದೂ "ನಿಮ್ಮದು ಕೇಳ್ತಾ ಇಲ್ಲ, ಕಟ್ ಆಗ್ತಾ ಉಂಟು" ಅಂತ ಆ ಕಡೆಯಿಂದ ಹೇಳುವುದು ಇದಕ್ಕೇ. ಮನೆಯೊಳಗೆ ಬ್ಯಾಟರಿ ಬೇಗ ಖಾಲಿಯಾಗುವುದಕ್ಕೂ ಇದೊಂದು ಕಾರಣ. ಫೋನು ಗಂಟಲು ಹರಿಯುವಂತೆ ಕೂಗುತ್ತಲೇ ಇರುತ್ತದೆ.

ಸಿಗ್ನಲನ್ನು ಅಳೆಯುವ ಡೆಸಿಬೆಲ್ ಲೆಕ್ಕವೂ ನಮ್ಮ ದಿನನಿತ್ಯದ ಲೆಕ್ಕದಂತಲ್ಲ. 10 ಡೆಸಿಬೆಲ್ ಕಡಿಮೆಯಾದರೆ ಶಕ್ತಿ ಹತ್ತನೇ ಒಂದು ಪಾಲು, 20 ಕಡಿಮೆಯಾದರೆ ನೂರನೇ ಒಂದು ಪಾಲು. ದಪ್ಪ ಗೋಡೆ ಮತ್ತು ಕಾಂಕ್ರೀಟ್ ಸೇರಿ 20 ಡೆಸಿಬೆಲ್ ತಿಂದುಹಾಕುವುದು ಅಪರೂಪವೇನಲ್ಲ. ಅಂದರೆ ಜಗಲಿಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಸಿಗ್ನಲಿನ ನೂರರಲ್ಲಿ 99 ಪಾಲು ಹೋಗಿರಬಹುದು.

ಈಗ ನಮ್ಮ ಮನೆಗಳನ್ನು ನೋಡಿ. ಮೊದಲು ಹೆಂಚಿನ ಮನೆ. ಆಮೇಲೆ ಕೆಂಪುಕಲ್ಲಿನ ಗೋಡೆ, ಮೇಲೆ ಟೆರೇಸ್. ಈಗ ಟೆರೇಸಿನ ಮೇಲೊಂದು ಶೀಟಿನ ಮಾಡು. ಮಳೆಗೆ ಟೆರೇಸ್ ಸೋರಬಾರದು, ಅಡಿಕೆ, ಬಟ್ಟೆ ಒಣಗಬೇಕು ಅಂತ ಬಹಳಷ್ಟು ಮನೆಗಳಲ್ಲಿ ಹಾಕಿಸಿದ್ದಾರೆ. ಮಳೆಗೆ ಒಳ್ಳೆಯದೇ. ಆದರೆ ರೇಡಿಯೋ ತರಂಗಕ್ಕೆ ಲೋಹದ ಶೀಟ್ ಒಂದು ಕನ್ನಡಿ. ಬಿದ್ದದ್ದನ್ನು ಹಿಂದಕ್ಕೆ ಎಸೆಯುತ್ತದೆ. ಮನೆ ತಗ್ಗಿನ ತೋಟದಲ್ಲಿ, ಟವರ್ ಗುಡ್ಡೆಯ ಮೇಲೆ ಇದ್ದರೆ ಸಿಗ್ನಲ್ ಬರುವುದು ಮೇಲಿನಿಂದ ಓರೆಯಾಗಿ. ಅದಕ್ಕೆ ಸರಿಯಾಗಿ ಅಡ್ಡ ನಿಲ್ಲುವುದು ಇದೇ ಮಾಡು. ಬೆಂಗಳೂರಿನಲ್ಲಿ ಈ ಕೆಲಸವನ್ನು ಐಟಿ ಕಟ್ಟಡಗಳ ಲೋಹಲೇಪಿತ ಗಾಜು ಮತ್ತು ನೆಲಮಾಳಿಗೆಗಳು ಮಾಡುತ್ತವೆ.

ತರಂಗದ ಜಾತಿಯೂ ಮುಖ್ಯ. 700 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 43 ಸೆಂಟಿಮೀಟರ್. 5ಜಿಗೆ ಬಳಸುವ 3,300 ಮೆಗಾಹರ್ಟ್ಸ್‌ನದ್ದು ಸುಮಾರು 9 ಸೆಂಟಿಮೀಟರ್. ಉದ್ದದ ತರಂಗ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಗುಡ್ಡೆಯ ಅಂಚಿನಲ್ಲಿ ಸ್ವಲ್ಪ ಬಾಗುತ್ತದೆ. ಗಿಡ್ಡ ತರಂಗ ಹೆಚ್ಚು ಡೇಟಾ ಹೊರುತ್ತದೆ, ಆದರೆ ಗೋಡೆಯ ಮುಂದೆ ಬೇಗ ಸೋಲುತ್ತದೆ. "5ಜಿ ಬಂದ ಮೇಲೆ ಒಳಗೆ ಇನ್ನೂ ಹಾಳಾಯ್ತು" ಎಂಬ ದೂರು ಸುಳ್ಳಲ್ಲ. ಅಂಥ ಕಡೆ ಫೋನನ್ನು 4ಜಿಗೆ ಇಳಿಸಿದರೆ ಕೆಲವೊಮ್ಮೆ ಸುಧಾರಿಸುವುದೂ ಇದಕ್ಕೇ.

ಕಂಬಳದ ದಿನ ಏನಾಗುತ್ತದೆ?

ಇನ್ನೊಂದು ಸಮಸ್ಯೆ ಸಾಮರ್ಥ್ಯದ್ದು. ನೇತ್ರಾವತಿ ತೀರದಲ್ಲಿ ವಿಜಯ-ವಿಕ್ರಮ ಜೋಡುಕರೆ ಕಂಬಳ ನಡೆಯುವಾಗ ಉಪ್ಪಿನಂಗಡಿಯಲ್ಲಿ ಜನವೋ ಜನ. ಬಯಲು ಜಾಗ, ಅಡ್ಡ ಗೋಡೆ ಇಲ್ಲ, ಕಡ್ಡಿಯೂ ತುಂಬ ಇದೆ. ಆದರೂ ಕೋಣಗಳ ಒಂದು ವಿಡಿಯೋ ವಾಟ್ಸಾಪಿನಲ್ಲಿ ಹೋಗದೆ ಗಿರಗಿರ ತಿರುಗುತ್ತದೆ. ಯಾಕೆ?

ಲೆಕ್ಕ ಸರಳ. ಟವರ್ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮುಖ ಮಾಡಿರುತ್ತದೆ. ಒಂದು ದಿಕ್ಕಿನಲ್ಲಿ ಒಂದು 4ಜಿ ಬ್ಯಾಂಡಿನ 10 ಮೆಗಾಹರ್ಟ್ಸ್ ಇದೆ ಅಂದುಕೊಳ್ಳಿ. ಜನ ಹತ್ತಿರ-ದೂರ ಚದುರಿರುವಾಗ ಅದರಿಂದ ಸರಾಸರಿ ಸಿಗುವುದು ಸೆಕೆಂಡಿಗೆ 15ರಿಂದ 20 ಮೆಗಾಬಿಟ್. ಒಬ್ಬರ ವಿಡಿಯೋಗೆ 2 ಮೆಗಾಬಿಟ್ ಬೇಕಾದರೆ ಒಮ್ಮೆಗೆ ಎಂಟು-ಹತ್ತು ಮಂದಿಗೆ ಸಾಕು. ಕಂಪನಿಗಳು ಎರಡು-ಮೂರು ಬ್ಯಾಂಡ್ ಸೇರಿಸಿ ಇದನ್ನು ಹೆಚ್ಚಿಸುತ್ತವೆ, ನಿಜ. ಆದರೆ ಇರುವುದು ಒಂದೇ ಬಾವಿ, ಕೊಡಪಾನ ಹಿಡಿದು ನಿಂತವರು ಸಾವಿರ. ಎಲ್ಲರೂ ವಿಡಿಯೋ ಕಳಿಸುವ ಹೊತ್ತಿನಲ್ಲಂತೂ ಫೋನಿನಿಂದ ಟವರಿಗೆ ಹೋಗುವ ದಾರಿಯೇ ಕಟ್ಟಿಹೋಗುತ್ತದೆ.

ಇದು ಜನಜಂಗುಳಿಯ ಸಮಸ್ಯೆ, ಮನೆಯೊಳಗಿನದು ಗೋಡೆಯ ಸಮಸ್ಯೆ, ಎರಡೂ ಬೇರೆ ಬೇರೆ ಅಂತ ಅನಿಸಬಹುದು. ಆದರೆ ಅವು ಒಂದಕ್ಕೊಂದು ಗಂಟು ಬಿದ್ದಿವೆ. ಸಿಗ್ನಲ್ ಚೆನ್ನಾಗಿದ್ದಾಗ ಟವರ್ ಒಂದೇ ಉಸಿರಿನಲ್ಲಿ ಬಹಳಷ್ಟು ಡೇಟಾ ತುಂಬಿ ಕಳಿಸುತ್ತದೆ. ಸಿಗ್ನಲ್ ಸೊರಗಿದಾಗ ಅದೇ ಮಾತನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ, ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಅಂಗಳದಲ್ಲಿ ನಿಂತವನಿಗೆ ಬೇಕಾದ ಹೊತ್ತಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹೊತ್ತು, ಅದೇ ವಿಡಿಯೋಗೆ, ಅಡುಗೆಮನೆಯಲ್ಲಿ ಕೂತವನಿಗೆ ಬೇಕಾಗಬಹುದು. ಆ ಹೊತ್ತು ಇಡೀ ಊರಿನ ಪಾಲಿನಿಂದ ಹೋಗುತ್ತದೆ. ಶೀಟಿನ ಮಾಡಿನ ಕೆಳಗೆ ನೂರು ಮನೆಗಳ ಫೋನು ಒದ್ದಾಡುತ್ತಿದ್ದರೆ, ರಸ್ತೆಯಲ್ಲಿ ಪೂರ್ತಿ ಕಡ್ಡಿ ಇರುವವನ ವೇಗವೂ ಕುಸಿಯುತ್ತದೆ. ಹಾಗಾಗಿ ಒಳಾಂಗಣ ಸಿಗ್ನಲ್ ಆ ಮನೆಯವರ ಖಾಸಗಿ ತಾಪತ್ರಯ ಅಂತ ಕೈತೊಳೆದುಕೊಳ್ಳುವಂತಿಲ್ಲ.

ಮಳೆಗೆ ಬೈಯುವ ಮೊದಲು

"ಮಳೆ ಬಂತು, ನೆಟ್‌ವರ್ಕ್ ಹೋಯ್ತು." ನಮ್ಮ ಕಡೆ ಇದು ಗಾದೆ ಮಾತಿನ ಹಾಗೆ ಆಗಿಬಿಟ್ಟಿದೆ. ಆದರೆ ಫೋನು ಬಳಸುವ ಈ ಬ್ಯಾಂಡುಗಳಲ್ಲಿ ಮಳೆಹನಿ ತಡೆಯುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಒದ್ದೆ ಎಲೆಗಳ ದಟ್ಟ ತೋಟ ಸ್ವಲ್ಪ ತಿನ್ನುತ್ತದೆ. ದೊಡ್ಡ ಕಾರಣಗಳು ಬೇರೆ ಎರಡು.

ಒಂದು, ಟವರಿಂದ ಹಿಂದಕ್ಕೆ ಹೋಗುವ ದಾರಿ. ಫೈಬರ್ ತಲುಪದ ಕಡೆ ಒಂದು ಟವರ್ ಇನ್ನೊಂದರ ಜೊತೆ ಮೈಕ್ರೋವೇವ್ ಡಿಶ್ ಮೂಲಕ ಮಾತಾಡುತ್ತದೆ. 10 ಗಿಗಾಹರ್ಟ್ಸ್‌ಗಿಂತ ಮೇಲಿನ ಆ ತರಂಗಗಳಿಗೆ ಜೋರು ಮಳೆ ನಿಜಕ್ಕೂ ಅಡ್ಡಿ. ಆಗ ಫೋನಿನಲ್ಲಿ ಕಡ್ಡಿ ಇರುತ್ತದೆ, ಇಂಟರ್ನೆಟ್ ಇರುವುದಿಲ್ಲ. ಎರಡು, ಕರೆಂಟು. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಟವರ್ ಬ್ಯಾಟರಿಯ ಮೇಲೆ ನಡೆಯುತ್ತದೆ. ಬ್ಯಾಟರಿ ಹಳತಾಗಿ, ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಮುಗಿಯಿತು. ಆಕಾಶದ ಮೇಲೆ ಹೊರಿಸುವ ತಪ್ಪಿನಲ್ಲಿ ದೊಡ್ಡ ಪಾಲು ನೆಲದ ಮೇಲಿನ ನಿರ್ವಹಣೆಯದ್ದು. ಮಳೆಗಾಲ ಪ್ರತಿ ಜೂನ್‌ನಲ್ಲಿ ಬರುತ್ತದೆ ಎಂಬುದು ಯಾವ ಕಂಪನಿಗೂ ಗೊತ್ತಿರದ ಗುಟ್ಟಲ್ಲ.

ಫೋನು ಕಡ್ಡಾಯ, ಸಿಗ್ನಲ್ ಅದೃಷ್ಟ

2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಭಾಗದ ಒಂದು ಫೋಟೊ ದೇಶವಿಡೀ ಹರಿದಾಡಿತ್ತು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿ, ಅವಳ ತಲೆಗೆ ಕೊಡೆ ಹಿಡಿದು ನಿಂತ ತಂದೆ. ಎಲ್ಲರೂ ತಂದೆಯ ಪ್ರೀತಿಯನ್ನು ಹೊಗಳಿದರು. ಹುಡುಗಿ ಮನೆಯೊಳಗೆ ಯಾಕೆ ಕೂರಲಿಲ್ಲ ಎಂಬ ಪ್ರಶ್ನೆ ಲೈಕುಗಳ ನಡುವೆ ಕಳೆದುಹೋಯಿತು. ಅದೇ ಹೊತ್ತಿಗೆ ಶಿವಮೊಗ್ಗದ ಮಲೆನಾಡಿನ ಯುವಕರು 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂದು ಅಭಿಯಾನ ಮಾಡಿದ್ದರು.

ಅಲ್ಲಿಂದ ಈಚೆಗೆ ಫೋನಿನ ಮೇಲಿನ ಅವಲಂಬನೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. 2023ರ ಜನವರಿ 1ರಿಂದ ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಹಾಜರಾತಿಯನ್ನು ಮೊಬೈಲ್ ಆ್ಯಪ್‌ನಲ್ಲಿ ಫೋಟೊ ಸಮೇತ ದಾಖಲಿಸುವುದು ಕಡ್ಡಾಯವಾಯಿತು. ರೇಷನ್‌ಗೆ ಬೆರಳಚ್ಚು, ಬ್ಯಾಂಕಿಗೆ ಒಟಿಪಿ, ಯೋಜನೆಗಳಿಗೆ ಇ-ಕೆವೈಸಿ. ಸರ್ಕಾರ ಸೇವೆಯನ್ನು ಫೋನಿನೊಳಗೆ ಇಟ್ಟಿತು. ಫೋನು ನಡೆಯುವಂತೆ ಮಾಡುವ ಹೊಣೆಯನ್ನು ಮಾತ್ರ ಮಾರುಕಟ್ಟೆಗೆ ಬಿಟ್ಟಿತು. ರೀಚಾರ್ಜ್ ದರದಲ್ಲಂತೂ ರಿಯಾಯಿತಿ ಇಲ್ಲ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಗುಡ್ಡೆ ಹತ್ತುವವರೂ ಅಷ್ಟೇ ಕೊಟ್ಟರು.

ಹಣ ಇರಲಿಲ್ಲವೇ? ದೂರಸಂಪರ್ಕ ಕಂಪನಿಗಳ ಆದಾಯದ ಒಂದು ಪಾಲು ಹಳ್ಳಿಗಳ ಸಂಪರ್ಕಕ್ಕೆಂದೇ ಇರುವ ನಿಧಿಗೆ ಹೋಗುತ್ತದೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. 2022ರ ಜುಲೈಯಲ್ಲಿ ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ತಲುಪಿಸಲು 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ದೇಶವೆಲ್ಲ 4ಜಿ ಬಳಸುತ್ತಿದ್ದಾಗ ಕಾಯುತ್ತ ಕೂತಿದ್ದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೆ ಅಧಿಕೃತ ಚಾಲನೆ ಸಿಕ್ಕಿದ್ದು 2025ರ ಸೆಪ್ಟೆಂಬರ್‌ನಲ್ಲಿ. ದೂರಕ್ಕೆ ಹೋಗುವ, ಗೋಡೆ ದಾಟುವ 700 ಮೆಗಾಹರ್ಟ್ಸ್ ಬ್ಯಾಂಡಿನ ಕತೆ ಇನ್ನೂ ವಿಚಿತ್ರ. 2016ರ ಹರಾಜಿನಲ್ಲಿ ಸರ್ಕಾರ ಇಟ್ಟ ಬೆಲೆಗೆ ಯಾರೂ ಕೊಳ್ಳಲಿಲ್ಲ, 2021ರಲ್ಲೂ ಕೊಳ್ಳಲಿಲ್ಲ. 2022ರಲ್ಲಿ ಒಂದು ಕಂಪನಿ ಕೊಂಡಿತು. ಹಳ್ಳಿಮನೆಯ ಗೋಡೆ ದಾಟಬಹುದಾಗಿದ್ದ ತರಂಗ ಆರು ವರ್ಷ ಬೀರುವಿನಲ್ಲಿತ್ತು.

ಅಳೆಯುವುದು ರಸ್ತೆಯಲ್ಲಿ, ಬದುಕುವುದು ಮನೆಯಲ್ಲಿ

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಗುಣಮಟ್ಟ ಪರೀಕ್ಷಿಸುವ ಮುಖ್ಯ ವಿಧಾನಗಳಲ್ಲಿ ಒಂದು ಡ್ರೈವ್ ಟೆಸ್ಟ್. ವಾಹನದಲ್ಲಿ ಉಪಕರಣ ಇಟ್ಟುಕೊಂಡು ರಸ್ತೆಯಲ್ಲಿ ಹೋಗುತ್ತ ಅಳೆಯುವುದು. ರಸ್ತೆ ಚೆನ್ನಾಗಿದ್ದರೆ ಅಂಕವೂ ಚೆನ್ನಾಗಿರುತ್ತದೆ. 2024ರ ಅಕ್ಟೋಬರ್‌ನಿಂದ ಜಾರಿಗೆ ಬಂದ ಟ್ರಾಯ್ ನಿಯಮಗಳ ಪ್ರಕಾರ ಕಂಪನಿಗಳು ತಮ್ಮ 2ಜಿ, 3ಜಿ, 4ಜಿ, 5ಜಿ ವ್ಯಾಪ್ತಿಯ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು. ಒಳ್ಳೆಯ ಹೆಜ್ಜೆ. ಆದರೆ ಇಂಥ ನಕ್ಷೆಗಳು ಸಾಮಾನ್ಯವಾಗಿ ಹೊರಾಂಗಣದ ಅಂದಾಜು. ನಿಮ್ಮ ಮನೆಯ ಮೇಲೆ ಬಣ್ಣ ಬಿದ್ದಿರುತ್ತದೆ, ಮನೆಯೊಳಗೆ ಬಿದ್ದಿರುವುದಿಲ್ಲ.

ದಕ್ಷಿಣ ಕನ್ನಡದ ಊರು ಬಯಲುಸೀಮೆಯ ಊರಿನಂತಲ್ಲ ಎಂಬುದೂ ಈ ಲೆಕ್ಕಕ್ಕೆ ಸಿಗುವುದಿಲ್ಲ. ಇಲ್ಲಿ ಮನೆಗಳು ಒಂದೆಡೆ ಗುಂಪಾಗಿಲ್ಲ; ಗುಡ್ಡೆಗೊಂದು, ತೋಟಕ್ಕೊಂದು. ಊರಿಗೆ ನೆಟ್‌ವರ್ಕ್ ಬಂತು ಅಂದರೆ ಮನೆಗೆ ಬಂತು ಅಂತ ಅರ್ಥವಲ್ಲ.

ಪರಿಹಾರದ ನಿಯಮವೂ ಹೀಗೇ. 2025ರ ಏಪ್ರಿಲ್‌ನಿಂದ, ಸೇವೆ 24 ಗಂಟೆಗಿಂತ ಹೆಚ್ಚು ನಿಂತರೆ ಪ್ರೀಪೇಯ್ಡ್ ಗ್ರಾಹಕರಿಗೆ ವ್ಯಾಲಿಡಿಟಿ ವಿಸ್ತರಿಸಬೇಕು, ಪೋಸ್ಟ್‌ಪೇಯ್ಡ್‌ನವರಿಗೆ ಬಿಲ್ಲಿನಲ್ಲಿ ಕಡಿತ ಕೊಡಬೇಕು. ಆದರೆ ಇದು ಜಿಲ್ಲಾ ಮಟ್ಟದ ಸ್ಥಗಿತದ ಲೆಕ್ಕ. ಕಡಬದ ಒಂದು ಮೂಲೆಯ ಒಂದೇ ಟವರ್ ಮೂರು ದಿನ ಸತ್ತು ಬಿದ್ದರೆ ಜಿಲ್ಲೆಯ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಇನ್ನು ಕಟ್ಟಡದೊಳಗಿನ ಸಂಪರ್ಕಕ್ಕೆ ರೇಟಿಂಗ್ ಕೊಡುವ ನಿಯಮವನ್ನೂ ಟ್ರಾಯ್ 2024ರಲ್ಲಿ ತಂದಿದೆ. ಅದರಿಂದ ಲಾಭವಾಗುವುದು ಅಪಾರ್ಟ್‌ಮೆಂಟ್, ಮಾಲ್, ವಿಮಾನ ನಿಲ್ದಾಣಗಳಿಗೆ. ಒಳಾಂಗಣ ಸಿಗ್ನಲ್ ಅಳೆಯಬೇಕಾದ ವಿಷಯ ಅಂತ ಒಪ್ಪಿಕೊಂಡದ್ದಾಯಿತು, ಆದರೆ ದುಡ್ಡಿರುವ ಗೋಡೆಗಳಿಗೆ ಮಾತ್ರ.

ಸದ್ಯಕ್ಕೆ ಏನು ಮಾಡಬಹುದು, ಏನು ಕೇಳಬೇಕು?

ಮನೆಗೆ ಫೈಬರ್ ಇಂಟರ್ನೆಟ್ ಇದ್ದರೆ ಫೋನಿನ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಸಾಮಾನ್ಯ ಕರೆಯೇ ವೈಫೈ ಮೂಲಕ ಹೋಗುತ್ತದೆ. ಆದರೆ ಇದರರ್ಥ ಒಂದೇ ಸೇವೆಗೆ ಎರಡು ಬಿಲ್. ಆನ್‌ಲೈನಿನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ಬೇಡ. ಅನುಮತಿ ಇಲ್ಲದೆ ಬಳಸುವುದು ಕಾನೂನುಬಾಹಿರ; ಅಗ್ಗದ ಬೂಸ್ಟರ್ ಟವರಿನ ಕಿವಿಗೆ ಗದ್ದಲ ತುಂಬಿ ಅಕ್ಕಪಕ್ಕದವರ ಕರೆಯನ್ನೂ ಕೆಡಿಸುತ್ತದೆ. ದೂರು ಕೊಡುವಾಗ ಮೊದಲು ಕಂಪನಿಗೆ ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ, ಆಮೇಲೆ ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ಪೋರ್ಟಲ್. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ.

ಆದರೆ ಇದು ಒಬ್ಬೊಬ್ಬರೇ ಸೆಟ್ಟಿಂಗ್ ಬದಲಿಸಿ ಗೆಲ್ಲುವ ಜಗಳವಲ್ಲ. "ಟವರ್ ಕೊಡಿ" ಅಂತ ಕೇಳಿದರೆ ಟವರ್ ಉದ್ಘಾಟನೆಯ ಫೋಟೊ ಸಿಗುತ್ತದೆ. ನಾವು ಕೇಳಬೇಕಾದದ್ದು ಬೇರೆ. ಅಳತೆ ಮನೆಯೊಳಗೂ ನಡೆಯಲಿ, ಫಲಿತಾಂಶ ಗ್ರಾಮ ಪಂಚಾಯತ್ ಮಟ್ಟದಲ್ಲಿ ಪ್ರಕಟವಾಗಲಿ. ಸ್ಥಗಿತದ ಲೆಕ್ಕ ಜಿಲ್ಲೆಯಿಂದ ಟವರಿಗೆ ಇಳಿಯಲಿ. ಸಾರ್ವಜನಿಕ ಹಣ ಪಡೆದ ಪ್ರತಿ ಟವರಿಗೂ ಇಂತಿಷ್ಟು ಗಂಟೆಯ ಬ್ಯಾಟರಿ ಕಡ್ಡಾಯವಾಗಲಿ. ಸಿಗ್ನಲ್ ಸಿಗದ ಕಡೆ ಒಟಿಪಿ, ಆ್ಯಪ್ ಇಲ್ಲದೆಯೂ ಕೂಲಿ, ರೇಷನ್ ಸಿಗಲಿ.

ದೂರಸಂಪರ್ಕ ಕೇಂದ್ರದ ವಿಷಯ ಅಂತ ಶಾಸಕರು ತಪ್ಪಿಸಿಕೊಳ್ಳುತ್ತಾರೆ. ಟವರಿಗೆ ಕರೆಂಟ್ ಕೊಡುವ ಮೆಸ್ಕಾಂ ರಾಜ್ಯದ್ದು, ಒಟಿಪಿ ಕೇಳುವ ಎಷ್ಟೋ ಯೋಜನೆಗಳೂ ರಾಜ್ಯದ್ದೇ. ಸಂಸದರಿಗೆ ಕೇಳುವ ಪ್ರಶ್ನೆ ಬೇರೆ, ಶಾಸಕರಿಗೆ ಕೇಳುವ ಪ್ರಶ್ನೆ ಬೇರೆ. ಮುಂದಿನ ಗ್ರಾಮಸಭೆಯಲ್ಲಿ ಎರಡನ್ನೂ ಬರೆದು ಕೊಡಿ, ನಿರ್ಣಯದ ಪುಸ್ತಕದಲ್ಲಿ ದಾಖಲಾಗುವವರೆಗೆ ಏಳಬೇಡಿ.