93 ಗೆಲುವು ದಕ್ಕಿದ್ದಾ, ಒದಗಿದ್ದಾ? ಬಾಲ್ಟಿಮೋರ್ ಅಭಿಮಾನಿಗಳ ಒಂದು ಚಳಿಗಾಲದ ಜಗಳ

ಅಮೆರಿಕದ ಕ್ಲೈಂಟ್ ಜೊತೆ ಕೆಲಸ ಮಾಡೋರಿಗೆ ಫೆಬ್ರವರಿ ತಿಂಗಳ ಕಾಲ್‌ಗಳು ಹೇಗಿರುತ್ತೆ ಅಂತ ಗೊತ್ತು. ಮೊದಲ ಐದು ನಿಮಿಷ ಆ ಕಡೆಯವರು ಬೇಸ್‌ಬಾಲ್ ಮಾತಾಡ್ತಾರೆ, ಈ ಕಡೆ ನಾವು ಮ್ಯೂಟ್‌ನಲ್ಲಿ ಕಾಫಿ ಕುಡೀತೀವಿ. ಸೀಸನ್ ಶುರುವಾಗೋದು ಮಾರ್ಚ್ ಕೊನೆಗೆ. ಆದ್ರೆ "ಈ ವರ್ಷ ನಮ್ಮ ತಂಡ ಏನಾಗುತ್ತೆ" ಅನ್ನೋ ವಾದ ನವೆಂಬರ್‌ನಿಂದಲೇ ನಡೀತಾ ಇರುತ್ತೆ. ಅದಕ್ಕೆ ಅವರಲ್ಲಿ ಒಂದು ಹಳೇ ಹೆಸರೇ ಇದೆ, ಹಾಟ್ ಸ್ಟೋವ್ ಅಂತ. ಹೊರಗೆ ಹಿಮ ಬೀಳ್ತಿರುವಾಗ ಒಲೆ ಸುತ್ತ ಕೂತು ಹರಟೋದು. ನಮ್ಮೂರ ಅರಳಿಕಟ್ಟೆಗೆ ಬೆಂಕಿ ಹಾಕಿದ ಹಾಗೆ ಅಂದ್ಕೊಳ್ಳಿ.

ಈ ವಾದಗಳಲ್ಲಿ ನನಗೆ ಬಹಳ ಇಷ್ಟವಾದದ್ದು 2012–13ರ ಚಳಿಗಾಲದ್ದು, ಬಾಲ್ಟಿಮೋರ್ ಓರಿಯೋಲ್ಸ್ ತಂಡದ್ದು. ವಿಡಿಯೋದಲ್ಲಿ ಲೆಕ್ಕ ಬೇಗ ಬೇಗ ಹೇಳ್ಬಿಟ್ಟೆ, ಇಲ್ಲಿ ಸ್ವಲ್ಪ ನಿಧಾನವಾಗಿ ಬರೀತೀನಿ.

ಮೊದಲು ಹಿನ್ನೆಲೆ. 1998ರಿಂದ 2011ರವರೆಗೆ ಸತತ 14 ವರ್ಷ ಈ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆರ್‌ಸಿಬಿ ಅಭಿಮಾನಿಗಳಾದ ನಮಗೆ ಕಪ್ ಇಲ್ಲದ ನೋವು ಗೊತ್ತು, ಆದ್ರೆ ನಮಗೆ ನಡುವೆ ಮೂರು ಫೈನಲ್ ಆದ್ರೂ ಸಿಕ್ಕಿತ್ತು. ಇವರಿಗೆ ಅದೂ ಇಲ್ಲ. ಹತ್ತು ವರ್ಷದ ಹುಡುಗ ಪಂದ್ಯ ನೋಡೋಕೆ ಶುರು ಮಾಡಿ, ಕಾಲೇಜು ಮುಗಿಸಿ, ಕೆಲಸಕ್ಕೆ ಸೇರಿದರೂ ಒಂದು ಒಳ್ಳೆ ವರ್ಷ ಕಂಡಿಲ್ಲ. ಅಂಥ ತಂಡ 2012ರಲ್ಲಿ 162 ಪಂದ್ಯಗಳಲ್ಲಿ 93 ಗೆದ್ದುಬಿಡ್ತು. ಪ್ಲೇಆಫ್‌ಗೆ ಹೋಯ್ತು, ಒಂದೇ ಪಂದ್ಯದ ನಾಕೌಟ್‌ನಲ್ಲಿ ಟೆಕ್ಸಸ್ ತಂಡವನ್ನ ಅವರ ನೆಲದಲ್ಲೇ ಸೋಲಿಸ್ತು. ಆಮೇಲೆ ನ್ಯೂಯಾರ್ಕ್ ಯಾಂಕೀಸ್ ಜೊತೆ ಐದು ಪಂದ್ಯದ ಸರಣಿಯನ್ನ 3–2ರಲ್ಲಿ ಸೋತು ಮನೆಗೆ ಬಂತು.

ಊರೆಲ್ಲಾ ಖುಷಿ. ಆಗ ಲೆಕ್ಕ ಗೊತ್ತಿರೋ ಒಂದಷ್ಟು ಜನ ಎದ್ದು ನಿಂತು "ಇದು ನಿಲ್ಲಲ್ಲ" ಅಂದ್ರು. ಮದುವೆ ಮನೇಲಿ ಸಾಲದ ವಿಷಯ ಎತ್ತಿದ ಹಾಗೆ.

ಅವರ ವಾದ ಏನು? ಐಪಿಎಲ್‌ನಲ್ಲಿ ನೆಟ್ ರನ್ ರೇಟ್ ನೋಡ್ತೀವಲ್ಲ, ಅದರದ್ದೇ ದಾಯಾದಿ ಬೇಸ್‌ಬಾಲ್‌ನ ರನ್ ವ್ಯತ್ಯಾಸ. ಇಡೀ ಸೀಸನ್‌ನಲ್ಲಿ ಹೊಡೆದ ರನ್‌ನಲ್ಲಿ ಬಿಟ್ಟುಕೊಟ್ಟ ರನ್ ಕಳೆಯೋದು, ಅಷ್ಟೇ. 2012ರಲ್ಲಿ ಓರಿಯೋಲ್ಸ್ ಹೊಡೆದದ್ದು 712, ಕೊಟ್ಟದ್ದು 705. ವ್ಯತ್ಯಾಸ ಬರೀ 7 ರನ್, ಅದೂ 162 ಪಂದ್ಯಕ್ಕೆ!

ಇಲ್ಲಿ ಬಿಲ್ ಜೇಮ್ಸ್ ಅನ್ನೋರ ಹೆಸರು ಹೇಳಲೇಬೇಕು. ಈ ಮನುಷ್ಯ ಕ್ಯಾನ್ಸಾಸ್‌ನಲ್ಲಿ ಬೀನ್ಸ್ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ರಾತ್ರಿ ಕಾವಲು ಕೆಲಸ ಮಾಡ್ತಾ ಬೇಸ್‌ಬಾಲ್ ಲೆಕ್ಕದ ಬಗ್ಗೆ ಬರೆಯೋಕೆ ಶುರು ಮಾಡಿದವರು. ಅವರು ಕೊಟ್ಟ ಸೂತ್ರ ಸರಳ. ಹೊಡೆದ ರನ್‌ನ ವರ್ಗ ತಗೊಳ್ಳಿ. ಕೊಟ್ಟ ರನ್‌ನ ವರ್ಗ ತಗೊಳ್ಳಿ. ಎರಡನ್ನೂ ಕೂಡಿಸಿ, ಆ ಮೊತ್ತದಿಂದ ಮೊದಲನೇದನ್ನ ಭಾಗಿಸಿ. ತಂಡ ಎಷ್ಟು ಪಾಲು ಪಂದ್ಯ ಗೆಲ್ಲಬೇಕಿತ್ತು ಅನ್ನೋ ಅಂದಾಜು ಸಿಗುತ್ತೆ. ಹೈಸ್ಕೂಲಿನ ಲಂಬಕೋನ ತ್ರಿಭುಜ ನೆನಪಾಯ್ತಾ? ಅದಕ್ಕೇ ಇದಕ್ಕೂ ಪೈಥಾಗೊರಸ್ ಹೆಸರೇ ಇಟ್ಟಿದ್ದಾರೆ. ಎಕ್ಸೆಲ್‌ನಲ್ಲಿ 712, 705 ಹಾಕಿ ನೋಡಿ. ಸುಮಾರು 0.505 ಬರುತ್ತೆ. 162ರಿಂದ ಗುಣಿಸಿದರೆ 82 ಗೆಲುವು.

ಗೆದ್ದದ್ದು 93. ಉಳಿದ 11 ಎಲ್ಲಿಂದ ಬಂತು?

ಒಂದೇ ರನ್‌ನಿಂದ ತೀರ್ಮಾನವಾದ ಪಂದ್ಯಗಳಿಂದ ಬಂತು. ಅಂಥ 38 ಪಂದ್ಯಗಳಲ್ಲಿ ಓರಿಯೋಲ್ಸ್ 29 ಗೆದ್ದು ಬರೀ 9 ಸೋತಿತ್ತು. ಬೇಸ್‌ಬಾಲ್‌ನಲ್ಲಿ ಟೈ ಅಂತ ಬಿಡಲ್ಲ, ಒಂಬತ್ತು ಇನಿಂಗ್ಸ್‌ಗೆ ಸಮ ಆದ್ರೆ ಇನ್ನೂ ಆಡಿಸ್ತಾರೆ. ಅಂಥ ಹೆಚ್ಚುವರಿ ಇನಿಂಗ್ಸ್ ಪಂದ್ಯಗಳಲ್ಲಿ 16 ಗೆಲುವು, 2 ಸೋಲು. ಒಂದು ಉದಾಹರಣೆ ಕೇಳಿ. ಮೇ 6ರಂದು ಬಾಸ್ಟನ್‌ನಲ್ಲಿ ಪಂದ್ಯ 17 ಇನಿಂಗ್ಸ್‌ಗೆ ಹೋಯ್ತು. ಬೌಲಿಂಗ್ ಮಾಡೋ ಪಿಚರ್‌ಗಳೆಲ್ಲಾ ಖಾಲಿ. ಕೊನೆಗೆ ಕ್ರಿಸ್ ಡೇವಿಸ್ ಅನ್ನೋ ಬ್ಯಾಟರ್ ಕೈಗೆ ಚೆಂಡು ಕೊಟ್ರು. ಅವತ್ತು ಬ್ಯಾಟಿಂಗ್‌ನಲ್ಲಿ ಎಂಟು ಸಲ ಹೋಗಿ ಎಂಟು ಸಲವೂ ಔಟಾಗಿದ್ದ ಆಸಾಮಿ! ಎರಡು ಇನಿಂಗ್ಸ್ ಎಸೆದು ಒಂದೂ ರನ್ ಕೊಡದೆ ಪಂದ್ಯ ಗೆಲ್ಲಿಸಿಬಿಟ್ಟ.

ಇದನ್ನ ನೋಡಿದ ಅಭಿಮಾನಿಗೆ ಹೋಗಿ "82 ಗೆಲ್ಲಬೇಕಾದ ತಂಡ ನಿಮ್ಮದು" ಅಂದ್ರೆ ಕೋಪ ಬರದೆ ಇರುತ್ತಾ?

ನಂಬುವವರ ವಾದ ಭಾವನೆ ಮಾತ್ರ ಆಗಿರಲಿಲ್ಲ, ಅದನ್ನ ಗಮನಿಸಬೇಕು. ಅವರು ಹೇಳಿದ್ದು ಹೀಗೆ: ಸಣ್ಣ ಅಂತರದ ಪಂದ್ಯ ಕೊನೆಗೆ ಎಸೆಯೋರ ಕೈಲಿರುತ್ತೆ. ನಮ್ಮ ಡೆತ್ ಓವರ್ ಬೌಲರ್ ಇದ್ದ ಹಾಗೆ ಅಲ್ಲಿ ಕ್ಲೋಸರ್ ಅಂತ ಒಬ್ಬ ಇರ್ತಾನೆ. ಓರಿಯೋಲ್ಸ್ ಕ್ಲೋಸರ್ ಜಿಮ್ ಜಾನ್ಸನ್ ಆ ವರ್ಷ 51 ಪಂದ್ಯ ಕಾಪಾಡಿ ಬರೀ 3 ಕೈಬಿಟ್ಟಿದ್ದ. ಮ್ಯಾನೇಜರ್ ಬಕ್ ಶೋವಾಲ್ಟರ್ ಅಂದ್ರೆ ಯಾವಾಗ ಯಾರನ್ನ ಕರೀಬೇಕು ಅನ್ನೋದ್ರಲ್ಲಿ ಎತ್ತಿದ ಕೈ. ಇದು ಅದೃಷ್ಟ ಅಲ್ಲ, ಕಲೆ ಅನ್ನೋದು ಅವರ ಮಾತು.

ನಾಣ್ಯ ಚಿಮ್ಮಿ ನೋಡೋಣ. 38 ಸಲ ಚಿಮ್ಮಿದರೆ 29 ಅಥವಾ ಅದಕ್ಕಿಂತ ಹೆಚ್ಚು ಸಲ ಹೆಡ್ ಬೀಳೋ ಸಾಧ್ಯತೆ ಸಾವಿರಕ್ಕೆ ಒಂದರ ಆಸುಪಾಸು. ಬಹಳ ಕಮ್ಮಿ ಅಲ್ವಾ, ಹಾಗಾದ್ರೆ ಕಲೆಯೇ ಇರಬೇಕು ಅನ್ನಿಸುತ್ತೆ. ಆದ್ರೆ ಲೀಗ್‌ನಲ್ಲಿ 30 ತಂಡ ಇವೆ, ವರ್ಷ ವರ್ಷ ಎಲ್ಲರೂ ನಾಣ್ಯ ಚಿಮ್ಮುತ್ತಲೇ ಇದ್ದಾರೆ. ಮೂವತ್ತು ಮೂವತ್ತೈದು ವರ್ಷಕ್ಕೆ ಒಂದು ಸಲ ಯಾರಿಗಾದ್ರೂ ಹೀಗೆ ಬಿದ್ದೇ ಬೀಳುತ್ತೆ. ಬಿದ್ದವರು ನಾವೇ ಆದಾಗ ಅದು ಅದೃಷ್ಟ ಅಂತ ಯಾರಿಗೂ ಅನ್ನಿಸಲ್ಲ, ಅಷ್ಟೇ.

ಇದು ಬರೀ ಹರಟೆಯಾಗಿದ್ರೆ ನಾನು ಇಷ್ಟು ಬರೀತಿರಲಿಲ್ಲ. ಇದರ ಹಿಂದೆ ದುಡ್ಡಿನ ಪ್ರಶ್ನೆ ಇತ್ತು. ತಂಡ ನಿಜಕ್ಕೂ 93ರದ್ದು ಅಂದ್ರೆ ಇದ್ದವರನ್ನೇ ಇಟ್ಕೊಂಡು ಮುಂದೆ ಹೋಗಬಹುದು. 82ರದ್ದು ಅಂದ್ರೆ ಈಗಲೇ ಖರ್ಚು ಮಾಡಿ ಆಟಗಾರರನ್ನ ತರಬೇಕು, ಇಲ್ಲಾಂದ್ರೆ 14 ವರ್ಷ ಕಾದು ತೆರೆದ ಬಾಗಿಲು ಮತ್ತೆ ಮುಚ್ಚುತ್ತೆ. ಆ ಚಳಿಗಾಲ ಬಾಲ್ಟಿಮೋರ್‌ಗೆ ದೊಡ್ಡ ಹೆಸರು ಯಾವುದೂ ಬರಲಿಲ್ಲ. ಹೆಚ್ಚುಕಡಿಮೆ ಅದೇ ತಂಡ ಮತ್ತೆ ಮೈದಾನಕ್ಕಿಳೀತು.

2013ರಲ್ಲಿ ಏನಾಯ್ತು? 85 ಗೆಲುವು, 77 ಸೋಲು. ಪ್ಲೇಆಫ್ ಇಲ್ಲ. ಸಂಶಯ ಪಟ್ಟವರು "ನಾವು ಹೇಳಿರ್ಲಿಲ್ವಾ" ಅಂದ್ರು.

ನನ್ನ ಪ್ರಕಾರ ಅವರು ಹೇಳಿದ್ದು ಅರ್ಧ ಮಾತ್ರ. ಯಾಕೆ ಅಂತ ನೋಡಿ. 2013ರಲ್ಲಿ ಓರಿಯೋಲ್ಸ್ ಹೊಡೆದದ್ದು 745, ಕೊಟ್ಟದ್ದು 709. ವ್ಯತ್ಯಾಸ 7ರಿಂದ 36ಕ್ಕೆ ಏರಿತ್ತು. ಬಾಸ್ಟನ್‌ನಲ್ಲಿ ಚೆಂಡು ಎಸೆದ ಅದೇ ಕ್ರಿಸ್ ಡೇವಿಸ್ 53 ಹೋಮ್ ರನ್ ಬಾರಿಸಿದ್ದ, ಆ ತಂಡದ ಇತಿಹಾಸದಲ್ಲೇ ಅತಿ ಹೆಚ್ಚು. ಅಂದ್ರೆ ತಂಡ ಹಿಂದಿನ ವರ್ಷಕ್ಕಿಂತ ಚೆನ್ನಾಗಿತ್ತು! ಚೆನ್ನಾಗಿದ್ದೂ 8 ಪಂದ್ಯ ಕಮ್ಮಿ ಗೆಲ್ತು. ಒಂದು ರನ್ ಅಂತರದ ಪಂದ್ಯಗಳಲ್ಲಿ ಈ ಸಲ 20 ಗೆಲುವು, 31 ಸೋಲು. ಅದೇ ಮ್ಯಾನೇಜರ್. ಅದೇ ಜಿಮ್ ಜಾನ್ಸನ್, ಈ ಸಲವೂ 50 ಪಂದ್ಯ ಕಾಪಾಡಿದ, ಆದ್ರೆ ಕೈಬಿಟ್ಟದ್ದು 3ರ ಬದಲು 9.

ಆ ಒಂದು ರನ್ ಪಂದ್ಯಗಳನ್ನ ಪಕ್ಕಕ್ಕಿಟ್ಟು ಉಳಿದವನ್ನ ಎಣಿಸಿದರೆ ಚಿತ್ರ ಪೂರ್ತಿ ತಿರುಗುತ್ತೆ. 2012ರಲ್ಲಿ 64 ಗೆಲುವು, 60 ಸೋಲು. 2013ರಲ್ಲಿ 65 ಗೆಲುವು, 46 ಸೋಲು. ನನಗೆ ಮೊದಲ ಸಲ ಈ ಕಳೆಯುವ ಲೆಕ್ಕ ಮಾಡಿದಾಗ ಎರಡು ಸಲ ಪರೀಕ್ಷೆ ಮಾಡಬೇಕು ಅನ್ನಿಸ್ತು, ಅಷ್ಟು ವ್ಯತ್ಯಾಸ. ಊರು ಸಂಭ್ರಮ ಪಟ್ಟ ತಂಡ ಸಾಧಾರಣ, ಊರು ನಿಟ್ಟುಸಿರು ಬಿಟ್ಟ ತಂಡ ಗಟ್ಟಿ.

ಸಮಸ್ಯೆ ಇಲ್ಲೇ. "ಈ ವರ್ಷ ನಮ್ಮ ತಂಡ ಹೇಗೆ" ಅಂತ ಕೇಳಿದಾಗ ಅದರೊಳಗೆ ಎರಡು ಪ್ರಶ್ನೆ ಕೂತಿರುತ್ತೆ. ತಂಡ ಹೋದ ಸಲಕ್ಕಿಂತ ಸುಧಾರಿಸುತ್ತಾ ಅನ್ನೋದು ಒಂದು. ಹೋದ ಸಲದಷ್ಟು ಗೆಲ್ಲುತ್ತಾ ಅನ್ನೋದು ಇನ್ನೊಂದು. ಮೊದಲನೇದಕ್ಕೆ ಹೌದು, ಎರಡನೇದಕ್ಕೆ ಇಲ್ಲ ಅನ್ನೋ ಉತ್ತರ ಒಟ್ಟಿಗೇ ಬರಬಹುದು, ಬಂತು ಕೂಡ. ಇಡೀ ಚಳಿಗಾಲ ಒಂದು ಗುಂಪು ಮೊದಲನೇ ಪ್ರಶ್ನೆಗೆ, ಇನ್ನೊಂದು ಗುಂಪು ಎರಡನೇದಕ್ಕೆ ಉತ್ತರ ಕೊಡ್ತಾ ಪರಸ್ಪರ ಬೈದಾಡ್ತಿದ್ರು. ಅಪ್ರೈಸಲ್ ಮೀಟಿಂಗ್‌ನಲ್ಲಿ ಕೂತವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ ಅನ್ಸುತ್ತೆ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ, ನಮ್ಮವರು ಬಹಳ ಜನ ಇರೋ ಸಿಯಾಟಲ್‌ನಲ್ಲಿ. 2021ರಲ್ಲಿ ಅಲ್ಲಿನ ಮ್ಯಾರಿನರ್ಸ್ 697 ರನ್ ಹೊಡೆದು 748 ಕೊಟ್ಟೂ 90 ಪಂದ್ಯ ಗೆದ್ದರು. ಸೂತ್ರದ ಪ್ರಕಾರ 75ರ ಆಸುಪಾಸು ಇರಬೇಕಿತ್ತು. ಮುಂದಿನ ವರ್ಷ ಕುಸಿತಾರೆ ಅಂತ ಸಂಶಯದವರು ಹೇಳಿದ್ರು. 2022ರಲ್ಲಿ ಗೆದ್ದದ್ದು ಮತ್ತೆ 90! ಆದ್ರೆ ಈ ಸಲ 690 ಹೊಡೆದು 623 ಮಾತ್ರ ಕೊಟ್ಟಿದ್ರು. ಅದೃಷ್ಟ ಇಳಿದಷ್ಟೂ ತಂಡ ಏರಿತ್ತು, ಹೊರಗಿನಿಂದ ನೋಡಿದೋರಿಗೆ ಏನೂ ಬದಲಾಗದ ಹಾಗೆ ಕಾಣ್ತಿತ್ತು. 2001ರ ನಂತರ ಮೊದಲ ಸಲ ಅವರು ಪ್ಲೇಆಫ್ ಸೇರಿದ್ದು ಆಗಲೇ.

ನಮ್ಮ ಕಡೆ ಇದೇ ಲೆಕ್ಕ ಹಾಕಬಹುದಾ ಅಂತ ಕೇಳ್ತೀರಿ. ಕಷ್ಟ. ಐಪಿಎಲ್ ಲೀಗ್ ಹಂತದಲ್ಲಿ ತಂಡಕ್ಕೆ ಸಿಗೋದು 14 ಪಂದ್ಯ. 162ರಲ್ಲೇ 11 ಪಂದ್ಯದಷ್ಟು ಆಚೀಚೆ ಆಗುತ್ತೆ ಅಂದ್ರೆ 14ರಲ್ಲಿ ಯಾವುದು ಆಟ, ಯಾವುದು ಗಾಳಿ ಅಂತ ಬೇರ್ಪಡಿಸೋಕೆ ಆಗಲ್ಲ. ಆರ್‌ಸಿಬಿ 2016ರ ಫೈನಲ್ ಸೋತದ್ದು 8 ರನ್‌ನಿಂದ, 2025ರದ್ದು ಗೆದ್ದದ್ದು 6 ರನ್‌ನಿಂದ. ಎರಡೂ ಕಡೆ ಒಂದೆರಡು ಹೊಡೆತದ ಅಂತರ. ಆದ್ರೆ ಒಂದರ ಮೇಲೆ ಒಂಬತ್ತು ವರ್ಷ ಮೀಮ್ ಬಂತು. "ಈ ಸಲ ಕಪ್ ನಮ್ದೇ" ಅನ್ನೋದನ್ನ ಭವಿಷ್ಯವಾಣಿ ಅಂತ ತಗೊಂಡು ನಕ್ಕವರು ಅದನ್ನ ಸರಿಯಾಗಿ ಕೇಳಿಸಿಕೊಂಡಿಲ್ಲ ಅಂತ ನನ್ನ ಅಭಿಪ್ರಾಯ. ಆ ಜಗಳ ಇನ್ನೊಂದು ವಿಡಿಯೋಗೆ ಇರಲಿ.

ಬಾಲ್ಟಿಮೋರ್‌ಗೆ ವಾಪಸ್ ಬರೋಣ. 2013ರ ಕೊನೆಗೆ ಅವರು ಜಿಮ್ ಜಾನ್ಸನ್‌ನ ಓಕ್‌ಲ್ಯಾಂಡ್‌ಗೆ ಕಳಿಸಿದ್ರು. ಈ ಸಲ ಫೆಬ್ರವರಿಯಲ್ಲಿ ಖರ್ಚೂ ಮಾಡಿದ್ರು, ನೆಲ್ಸನ್ ಕ್ರೂಜ್‌ನ ಒಂದು ವರ್ಷಕ್ಕೆ 80 ಲಕ್ಷ ಡಾಲರ್ ಕೊಟ್ಟು ಕರೆತಂದರು. ಆತ 40 ಹೋಮ್ ರನ್ ಹೊಡೆದ. 2014ರಲ್ಲಿ ತಂಡ 705 ಹೊಡೆದು 593 ಕೊಟ್ಟು 96 ಪಂದ್ಯ ಗೆದ್ದು ಡಿವಿಷನ್ ತನ್ನದಾಗಿಸಿಕೊಳ್ತು. ಸೂತ್ರಕ್ಕೆ ಹಾಕಿದರೆ 95. ಆ ಚಳಿಗಾಲ ಒಲೆ ಮುಂದೆ ಜಗಳ ಆಡೋಕೆ ಲೆಕ್ಕದವರಿಗೆ ಸಿಕ್ಕಿದ್ದು ಒಂದೇ ಒಂದು ಗೆಲುವು.

2023ರಲ್ಲಿ ಅದೇ ಊರು ಮತ್ತೆ 101 ಗೆದ್ದಿತು, ಒಂದು ರನ್ ಪಂದ್ಯಗಳಲ್ಲಿ 30–16. ಸಂಶಯದವರು ಕೆಮ್ಮಿ ಗಂಟಲು ಸರಿಮಾಡಿಕೊಂಡ್ರು. ಮುಂದಿನ ವರ್ಷ ಬಂದದ್ದು 91. ಮುಂದಿನ ಫೆಬ್ರವರಿ ಕಾಲ್‌ನಲ್ಲಿ ಆ ಕಡೆಯವರು ಬಾಲ್ಟಿಮೋರ್‌ನವರಾಗಿದ್ರೆ ಒಂದೇ ಒಂದು ಸಲ ಅನ್‌ಮ್ಯೂಟ್ ಮಾಡಿ, "ಒಂದು ರನ್ ಪಂದ್ಯಗಳಲ್ಲಿ ಹೋದ ಸಲ ಎಷ್ಟು ಗೆದ್ರಿ" ಅಂತ ಕೇಳಿ ನೋಡಿ. ಆ ದಿನದ ಮೀಟಿಂಗ್ ಅಜೆಂಡಾ ಮುಗಿಯುತ್ತೆ ಅಂತ ಮಾತ್ರ ನಾನು ಗ್ಯಾರಂಟಿ ಕೊಡಲ್ಲ.